ಮಕ್ಕಳ ಹೃದಯಕ್ಕೊಂದು ಆಸರೆ

ಇಸ್ರೇಲಿನ ಹೋಲೋನ್ ನಗರದ ವೋಲ್ಫ್‌ಸನ್ ವೈದ್ಯಕೀಯ ಕೇಂದ್ರದಲ್ಲಿ ಡಾ. ಅಮಿ ಕೋಹೆನ್ ಅವರು 1995ರಲ್ಲಿ ಆರಂಭಿಸಿದ ‘ಸೇವ್ ಎ ಚೈಲ್ಡ್ಸ್ ಹಾರ್ಟ್’ ಸಂಸ್ಥೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿರುವ, ಅಥವಾ ಗಂಟಲಿನ ಸೋಂಕಿಗೆ ಸಕಾಲದಲ್ಲಿ ಔಷಧ ಸಿಗದೆ ರುಮ್ಯಾಟಿಕ್ ಜ್ವರದಿಂದ ಕವಾಟಗಳು ಹಾಳಾದ ಮಕ್ಕಳನ್ನು ಇಥಿಯೋಪಿಯ, ತಾಂಜಾನಿಯ, ಪ್ಯಾಲೆಸ್ಟೀನ್ ಮುಂತಾದ ಕಡೆಗಳಿಂದ ಕರೆತಂದು, ಹೆತ್ತವರಿಂದ ಹಣ ಪಡೆಯದೆ ಅಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. 2001ರಲ್ಲಿ ಕಿಲಿಮಂಜಾರೋ ಏರುವಾಗ ಕೋಹೆನ್ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ.

ಆದರೂ, ಆಯಾ ದೇಶಗಳ ಶಸ್ತ್ರವೈದ್ಯರಿಗೂ ದಾದಿಯರಿಗೂ ದೀರ್ಘಕಾಲ ತರಬೇತಿ ನೀಡಿ ಸ್ವದೇಶಕ್ಕೆ ಕಳುಹಿಸುವ ಅವರ ಕ್ರಮವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಏಕೆಂದರೆ ಕೃತಕ ಲೋಹದ ಕವಾಟ ಅಳವಡಿಸಿಕೊಂಡ ಮಗುವಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೂ ನಿಯಮಿತ ರಕ್ತಪರೀಕ್ಷೆಯೂ ಜೀವನಪರ್ಯಂತ ಬೇಕು, ಅವು ಮನೆಯ ಸಮೀಪದಲ್ಲಿಯೇ ದೊರೆಯಬೇಕು.