ಮರದ ವಿಮಾನದ ಬಾಲ ಬಿಚ್ಚಿದ ದಿನ

ಏಪ್ರಿಲ್ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಹಿಮ ಕರಗಿ ನಮ್ಮ ಹುಲ್ಲಿನ ರನ್‌ವೇ ಪೂರ್ತಿ ಕೆಸರಾಗಿರುತ್ತದೆ. ಹಾರುವ ಮಾತೇ ಇಲ್ಲ. ಅದಕ್ಕೇ ವಿಮಾನದ ವಾರ್ಷಿಕ ತಪಾಸಣೆಗೆ ನಾವು ಆ ತಿಂಗಳನ್ನು ಇಟ್ಟುಕೊಂಡಿದ್ದೇವೆ. ಎಂಜಿನ್ ಹೊದಿಕೆ, ಸೀಟು, ನೆಲದ ಹಲಗೆ, ರೆಕ್ಕೆಯ ಅಡಿಯ ದುಂಡು ಮುಚ್ಚಳ, ಹೀಗೆ ತೆಗೆಯಲು ಬರುವುದನ್ನೆಲ್ಲ ತೆಗೆದಿಟ್ಟು, ಟಾರ್ಚು ಮತ್ತು ಉದ್ದ ಹಿಡಿಯ ಪುಟ್ಟ ಕನ್ನಡಿ ಹಿಡಿದು ಒಂದೊಂದೇ ಮೂಲೆ ನೋಡುತ್ತಾ ಹೋಗುವುದು. ಈ ಸಲ ಅಕ್ಕನ ಮಗನೂ ಜೊತೆಗಿದ್ದ. ಮ್ಯಾಡಿಸನ್‌ನಲ್ಲಿ ಓದುತ್ತಿರುವ ಹುಡುಗ. ಅವನ ಬೆರಳು ತೆಳು, ಮುಂಗೈ ಸಪೂರ. ನನ್ನ ಕೈ ಹೋಗದ ಸಂದಿಗೆಲ್ಲ ಅವನ ಕೈ ಹೋಗುತ್ತದೆ.

ನಮ್ಮದು ಪೀಟನ್‌ಪೋಲ್ ಏರ್ ಕ್ಯಾಂಪರ್. ಪಕ್ಕದ ರಾಜ್ಯ ಮಿನ್ನೆಸೋಟದ ಚೆರಿ ಗ್ರೋವ್ ಎಂಬ ಸಣ್ಣ ಊರಿನ ಬರ್ನಾರ್ಡ್ ಪೀಟನ್‌ಪೋಲ್ 1920ರ ದಶಕದ ಕೊನೆಯಲ್ಲಿ ರೂಪಿಸಿದ ವಿಮಾನ ಇದು. ಆತ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಸಾಮಾನ್ಯ ಜನ ಕೊಳ್ಳಬಹುದಾದ ಎಂಜಿನ್ ಯಾವುದು ಎಂದು ಹುಡುಕಿ, ಫೋರ್ಡ್ ಮಾಡೆಲ್ ಎ ಕಾರಿನ 40 ಅಶ್ವಶಕ್ತಿಯ ಎಂಜಿನ್ನನ್ನು ವಿಮಾನದ ಮೂಗಿಗೆ ಕೂರಿಸಿದರು. ಕಾರಿನ ಎಂಜಿನ್ನಿನಿಂದ ಹಾರಲು ಸಾಧ್ಯವಿಲ್ಲ ಎಂದು ಒಂದು ಪತ್ರಿಕೆಯ ಸಂಪಾದಕರು ಹೇಳಿದಾಗ, ವಿಮಾನವನ್ನು ಮಿನಿಯಾಪೊಲಿಸ್‌ಗೇ ಹಾರಿಸಿಕೊಂಡು ಹೋಗಿ ತೋರಿಸಿದರು. ಅದೇ ಪತ್ರಿಕೆಯ ಬಳಗ ಮುಂದೆ ಇದರ ನಕ್ಷೆಗಳನ್ನು ಅಚ್ಚು ಹಾಕಿತು. ಅಂದಿನಿಂದ ಇಂದಿನವರೆಗೆ ಜನ ತಮ್ಮ ಗ್ಯಾರೇಜು, ಕೊಟ್ಟಿಗೆ, ನೆಲಮಾಳಿಗೆಗಳಲ್ಲಿ ಇದನ್ನು ಕಟ್ಟುತ್ತಲೇ ಇದ್ದಾರೆ. ತೆರೆದ ಎರಡು ಸೀಟು, ಒಂದರ ಹಿಂದೆ ಒಂದು. ತಲೆಯ ಮೇಲೆ ಒಂದೇ ರೆಕ್ಕೆ. ಮುಂದಿನ ಸೀಟಿನವರ ಕಣ್ಣೆದುರಿಗೇ ನೆಟ್ಟಗೆ ನಿಂತ ರೇಡಿಯೇಟರು. ಅಸ್ಥಿಪಂಜರವೆಲ್ಲ ಸ್ಪ್ರೂಸ್ ಮರ ಮತ್ತು ತೆಳು ಬರ್ಚ್ ಪ್ಲೈವುಡ್ಡು, ಮೇಲೆ ಬಟ್ಟೆ. ಇದಕ್ಕಿಂತ ಚೆಂದದ ಯಂತ್ರವನ್ನು ನಾನು ನೋಡಿಲ್ಲ.

ನಾನು, ನನ್ನ ನೆರೆಯವರು ಇಬ್ಬರೂ ಸೇರಿ ಕೊಂಡ ಈ ವಿಮಾನವನ್ನು ಕಟ್ಟಿದವರು ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ ಮೇಷ್ಟ್ರು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ವಿಮಾನದ ಜೊತೆಗೆ ಒಂದು ದಪ್ಪ ನೋಟ್‌ಬುಕ್ಕು, ಗ್ಯಾರೇಜಿನ ಅಟ್ಟದಲ್ಲಿ ಉಳಿದಿದ್ದ ಸ್ಪ್ರೂಸ್ ಪಟ್ಟಿಗಳ ಕಟ್ಟು ಎರಡನ್ನೂ ಕೊಟ್ಟರು. ನೋಟ್‌ಬುಕ್ಕಿನಲ್ಲಿ ಪ್ರತಿ ಜೋಡಣೆಯ ಫೋಟೊ ಇದೆ. ಅಂದಿನ ಹವೆ, ಅಂಟು ಕಲೆಸಿದ ಹೊತ್ತು, ಅದೇ ಅಂಟಿನಲ್ಲಿ ಮಾಡಿದ ಮಾದರಿ ತುಂಡನ್ನು ಮುರಿದು ನೋಡಿದಾಗ ಏನಾಯಿತು ಎಂಬುದೂ ಇದೆ. ಯಾರೂ ಒಪ್ಪಿಸಲೇಬೇಕೆಂದು ಕೇಳದ ಲೆಕ್ಕ ಅದು. ಮುಂದೆ ಯಾರೋ ಒಬ್ಬರು ಬಟ್ಟೆ ಬಿಚ್ಚಿ ಒಳಗೆ ನೋಡುತ್ತಾರೆ, ಅವರಿಗೆ ಬೇಕಾಗುತ್ತದೆ ಎಂಬ ಯೋಚನೆ ಅವರಿಗಿತ್ತು ಎಂದೇ ನನ್ನ ನಂಬಿಕೆ.

ಅಂದು ಬೆಳಿಗ್ಗೆ ಎಂಜಿನ್ ಕಡೆಯ ಕೆಲಸ ಸಲೀಸಾಗಿ ಮುಗಿಯಿತು. ರೆಕ್ಕೆಯ ಒಳಗೂ ಎಲ್ಲ ಸರಿಯಿತ್ತು. ಮಧ್ಯಾಹ್ನ ಬಾಲಕ್ಕೆ ಬಂದೆವು. ಅಳಿಯ ಬಾಲದ ಅಡಿಯ ಕಿಂಡಿಯೊಳಗೆ ಕೈ ಹಾಕಿದವನು ತಟ್ಟನೆ ಹಿಂದೆಳೆದುಕೊಂಡ.

"ಮಾವ, ಒಳಗೇನೋ ಮೆತ್ತಗಿದೆ."

ಗ್ಲೌಸು, ಮುಖಗವಸು ಎರಡೂ ಹಾಕಿಕೊಳ್ಳದೆ ಮತ್ತೆ ಮುಟ್ಟಬೇಡ ಎಂದೆ. ಇಲಿಯ ಗೂಡಾದರೆ ಅದರ ಧೂಳು ಉಸಿರಿಗೆ ಒಳ್ಳೆಯದಲ್ಲ. ಆಮೇಲೆ ಅವನು ಹಿಡಿಹಿಡಿಯಾಗಿ ಹೊರಗೆ ತೆಗೆದ: ಕಚ್ಚಿ ಹರಿದ ಕಾಗದ, ಗೋಡೆಯೊಳಗೆ ತುಂಬುವ ಗಾಜಿನ ಹತ್ತಿ, ಜೋಳದ ತೆನೆಯ ಸಿಪ್ಪೆ. ಚಳಿಗಾಲದಲ್ಲಿ ಸುತ್ತಲ ಹೊಲ ಖಾಲಿಯಾದಾಗ ಇಲಿಗಳು ವಿಮಾನ ನಿಲ್ಲಿಸುವ ಹ್ಯಾಂಗರಿಗೆ ಬರುತ್ತವೆ. ಬಾಲದ ಚಕ್ರದ ಕಡ್ಡಿ ಹತ್ತಿ ಬಟ್ಟೆಯ ಸಂದಿಯಿಂದ ಒಳಗೆ ನುಗ್ಗಿವೆ. ಮೂತ್ರದ ಘಾಟು ಮೂಗಿಗೆ ಬಡಿಯಿತು. ಆ ಮೂತ್ರ ಉಕ್ಕಿನ ಕೇಬಲ್ಲು, ಪಟ್ಟಿಗಳಿಗೆ ತುಕ್ಕು ಹಿಡಿಸುತ್ತದೆ. ಆದರೆ ನನಗೆ ಅದಕ್ಕಿಂತ ಹೆಚ್ಚು ಭಯವಾದದ್ದು ಗೂಡು ಕೂತಿದ್ದ ಜಾಗ ನೋಡಿ.

ಈ ವಿಮಾನ ನೆಲದ ಮೇಲೆ ನಿಂತಾಗ ಮೂಗು ಮೇಲೆ, ಬಾಲ ಕೆಳಗೆ. ತೆರೆದ ಸೀಟಿನೊಳಗೆ ಬಿದ್ದ ಮಳೆ ಹನಿಯಾಗಲಿ, ಬಟ್ಟೆಯ ಒಳಮೈಗೆ ಚಳಿಯಲ್ಲಿ ಕಟ್ಟಿದ ಇಬ್ಬನಿಯಾಗಲಿ, ಎಲ್ಲವೂ ಹರಿದು ಸೇರುವುದು ಹಿಂದಿನ ತುದಿಯ ಕೆಳಮೂಲೆಗೆ. ಅದು ಗೊತ್ತಿದ್ದೇ ಮೇಷ್ಟ್ರು ಅಲ್ಲಿ ಬಟ್ಟೆಗೆ ಸಣ್ಣ ತೂತು ಬಿಟ್ಟು ಸುತ್ತ ಬಿಲ್ಲೆ ಅಂಟಿಸಿದ್ದರು, ನೀರು ಸೋರಿ ಹೋಗಲಿ ಎಂದು. ಇಲಿಗೂಡು ಸರಿಯಾಗಿ ಆ ತೂತುಗಳ ಮೇಲೇ ಕೂತಿತ್ತು. ನಾನು ಮಲೆನಾಡಿನ ಸಾಗರದ ಕಡೆಯವನು. ನಮ್ಮಲ್ಲಿ ಹಳೆಯ ಮನೆಗಳ ಕಂಬದ ಬುಡಕ್ಕೆ ಕಲ್ಲು ಕೊಡದೆ ಮರವನ್ನು ನೆಲಕ್ಕೆ ತಾಗಿಸುವ ಆಚಾರಿ ಯಾರೂ ಇರಲಿಲ್ಲ. ಅಷ್ಟು ಮಳೆ ಬಡಿದರೂ ಕಂಬ ಉಳಿಯುತ್ತಿದ್ದದ್ದು ಬುಡದಲ್ಲಿ ನೀರು ನಿಲ್ಲದ್ದರಿಂದ. ಮರದ ವಿಮಾನದ ಕಥೆಯೂ ಇಷ್ಟೇ. ಅದು ನೆನೆದರೆ ಚಿಂತೆಯಿಲ್ಲ, ಒಣಗಲು ದಾರಿ ಇಲ್ಲದಿದ್ದರೆ ಚಿಂತೆ.

ಗೂಡು ತೆಗೆದ ಮೇಲೆ ಕನ್ನಡಿಯಲ್ಲಿ ಕಂಡದ್ದು ಕಪ್ಪಾದ ಮರ. ವಿಮಾನದ ಒಡಲಿನ ನಾಲ್ಕು ಮೂಲೆಗಳಲ್ಲಿ ಮುಂದಿನಿಂದ ಬಾಲದವರೆಗೆ ಓಡುವ ಒಂದು ಇಂಚು ಚೌಕದ ಸ್ಪ್ರೂಸ್ ಪಟ್ಟಿಗಳಿಗೆ ಲಾಂಜರಾನ್ ಎನ್ನುತ್ತಾರೆ. ಕೆಳಗಿನ ಬಲಗಡೆಯದು ಬಾಲದ ಕಂಬವನ್ನು ಕೂಡುವ ಕಡೆ ಬಣ್ಣಗೆಟ್ಟಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಮುಂದೆ ಟಣ್ ಟಣ್ ಎನ್ನುತ್ತಿದ್ದ ಮರ ಅಲ್ಲಿಗೆ ಬಂದಾಗ ದೊಪ್ ಎಂದಿತು. ತೇವಾಂಶ ಅಳೆಯುವ ಮೀಟರಿನ ಮುಳ್ಳು ಚುಚ್ಚಿದರೆ ಬೇರೆಲ್ಲ ಕಡೆ 10, 11 ತೋರಿಸಿದ್ದು ಇಲ್ಲಿ 26. ಮರದ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಮೇಲೆ ಹೋಗಿ ಅಲ್ಲೇ ನಿಂತರೆ ಅದಕ್ಕೆ ಹಬ್ಬ. ಕೊನೆಗೆ ದಬ್ಬಳ ಒತ್ತಿದೆ. ಒಳ್ಳೆಯ ಸ್ಪ್ರೂಸ್ ದಬ್ಬಳವನ್ನು ತಡೆಯುತ್ತದೆ. ಇಲ್ಲಿ ಅದು ಸದ್ದಿಲ್ಲದೆ ಇಳಿಯಿತು.

ಫೋನು ಮಾಡಿದ ಕೂಡಲೇ ನಮ್ಮ ಮೆಕ್ಯಾನಿಕ್ ಬಂದರು. ಸ್ವಂತ ಕೈಯಿಂದ ಕಟ್ಟಿದವರಿಗೆ ಇಲ್ಲಿನ ಸರ್ಕಾರ ತಮ್ಮ ವಿಮಾನದ ವಾರ್ಷಿಕ ತಪಾಸಣೆಗೆ ತಾವೇ ಸಹಿ ಹಾಕುವ ಪರವಾನಗಿ ಕೊಡುತ್ತದೆ. ನಮ್ಮಂತೆ ಆಮೇಲೆ ಕೊಂಡವರು ಕೆಲಸ ಎಷ್ಟು ಬೇಕಾದರೂ ಮಾಡಬಹುದು, ಆದರೆ ವರ್ಷದ ಸಹಿಗೆ ಅದಕ್ಕೆ ತಕ್ಕ ಲೈಸೆನ್ಸ್ ಇರುವವರು ಬೇಕು. ಒಳ್ಳೆಯ ನಿಯಮ. ಬಟ್ಟೆ, ಮರ ಎರಡರಲ್ಲೂ ಪಳಗಿದ ಹಿರಿಯರು ಅವರು. ದಬ್ಬಳ ಇಳಿದ ತೂತು ನೋಡಿ ಏನೂ ಹೇಳದೆ ಚಾಕು ಕೈಗೆ ಕೊಟ್ಟರು.

ಬಿಗಿದ ಬಟ್ಟೆಗೆ ಚಾಕು ಹಾಕುವುದು ಕಷ್ಟದ ಕೆಲಸ. ಕೈಗಲ್ಲ, ಮನಸ್ಸಿಗೆ. ಆದರೆ ಬಿಚ್ಚಿದ ಮೇಲೆ ಎಲ್ಲ ಸ್ಪಷ್ಟವಾಯಿತು. ಕೊಳೆತದ್ದು ಒಂದು ಗೇಣಿನಷ್ಟು. ಎಡಗಡೆಯ ಲಾಂಜರಾನ್, ಬಾಲದ ಕಂಬ ಎರಡೂ ಗಟ್ಟಿಯಾಗಿದ್ದವು. ಮೂಲೆಗೆ ಬಡಿದಿದ್ದ ಪ್ಲೈವುಡ್ಡಿನ ಪದರಗಳು ಬಿಟ್ಟುಕೊಂಡಿದ್ದವು. ನಡುವೆ ಒಂದು ಗೆರೆ ಮಾತ್ರ ಕಡುನೇರಳೆ ಬಣ್ಣದಲ್ಲಿ ಹಾಗೇ ಇತ್ತು. ಅದು ಮೇಷ್ಟ್ರು ಬಳಿದ ರಿಸಾರ್ಸಿನಾಲ್ ಅಂಟು. ಅಕ್ಕಪಕ್ಕದ ಮರ ಬೆರಳಿಗೆ ಪುಡಿಯಾಗುತ್ತಿತ್ತು, ಅಂಟಿನ ಗೆರೆ ಉಗುರಿಗೂ ಬಗ್ಗಲಿಲ್ಲ.

ಮರದ ವಿಮಾನ ಎಂದಾಗ ಅಂಟು ಹೇಗೆ ತಡೆಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಆ ಅನುಮಾನ ಹುಟ್ಟಿದ್ದರಲ್ಲಿ ನಮ್ಮ ದೇಶಕ್ಕೂ ಪಾಲಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಮೊಸ್ಕಿಟೋ ವಿಮಾನಗಳು ಬಾಲ್ಸಾ ಮತ್ತು ಬರ್ಚ್ ಮರದಿಂದ ಆದವು. 1944ರಲ್ಲಿ ಭಾರತದಲ್ಲಿದ್ದ ಕೆಲವು ಮೊಸ್ಕಿಟೋಗಳ ರೆಕ್ಕೆ ಆಕಾಶದಲ್ಲೇ ಕಳಚಿ ಜನ ಸತ್ತರು. ಹಾಲಿನ ಪ್ರೋಟೀನಿನಿಂದ ಮಾಡಿದ ಹಳೆಯ ಕೇಸಿನ್ ಅಂಟು ಮಳೆಗಾಲಕ್ಕೆ ಕೊಳೆಯಿತೇ, ಮರ ಕುಗ್ಗಿ ಹಿಗ್ಗಿ ಬಿಟ್ಟುಕೊಂಡಿತೇ, ಕಾರ್ಖಾನೆಯಲ್ಲೇ ಜೋಡಣೆ ಕೆಟ್ಟಿತ್ತೇ ಎಂದು ತನಿಖೆಗಳು ಬೇರೆ ಬೇರೆ ಉತ್ತರ ಕೊಟ್ಟವು. ಮುಂದೆ ನೀರಿಗೆ ಜಗ್ಗದ ರಾಸಾಯನಿಕ ಅಂಟುಗಳು ಕೇಸಿನ್ನಿನ ಜಾಗ ಹಿಡಿದವು. ಇಂದಿನ ಅಂಟು ಸರಿಯಾಗಿ ಹಚ್ಚಿದರೆ ಮರಕ್ಕಿಂತ ಬಲ. ಅದು ನನಗೆ ಓದಿ ಗೊತ್ತಿತ್ತು. ನಮ್ಮ ಬಾಲದಲ್ಲೇ ಕಣ್ಣಾರೆ ಕಂಡದ್ದು ಅಂದು.

"ಮಾವ, ಇಷ್ಟು ಸಣ್ಣ ತುಂಡಿಗೆ ಇಡೀ ವಿಮಾನ ನಿಲ್ಲಿಸ್ಬೇಕಾ?" ಎಂದು ಅಳಿಯ ಕೇಳಿದ.

"ಬಾಲದ ರೆಕ್ಕೆ, ಚುಕ್ಕಾಣಿ, ಹಿಂದಿನ ಚಕ್ರ ಎಲ್ಲ ಕೂತಿರೋದು ಈ ಮೂಲೆ ಮೇಲೆ ಕಣೋ. ಇದು ಹೋದ್ರೆ ಉಳಿದದ್ದೆಲ್ಲ ಗಟ್ಟಿಯಾಗಿದ್ದು ಏನು ಪ್ರಯೋಜನ?"

ಅವನು ಮತ್ತೆ ಕೇಳಲಿಲ್ಲ. ತಾನೇ ಸ್ಪ್ಯಾನರ್ ತೆಗೆದುಕೊಂಡು ಚುಕ್ಕಾಣಿಯ ಬೋಲ್ಟು ಬಿಚ್ಚತೊಡಗಿದ.

ದುರಸ್ತಿಗೆ ವಾರಗಳೇ ಹಿಡಿದವು. ಅದರಲ್ಲಿ ಬಹುಪಾಲು ಕತ್ತರಿಸುವ ಮುಂಚಿನ ತಯಾರಿ. ಲಾಂಜರಾನ್ ತುಂಡು ಮಾಡಿದ ಗಳಿಗೆಗೆ ಬಾಲ ತಿರುಚಿಕೊಂಡರೆ ಆ ಸೊಟ್ಟ ಶಾಶ್ವತ. ಆದ್ದರಿಂದ ಒಡಲನ್ನು ಮರದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಉದ್ದಕ್ಕೂ ನಡುಗೆರೆಯಲ್ಲಿ ನೂಲು ಕಟ್ಟಿ, ತೂಗುಗುಂಡು ಇಳಿಬಿಟ್ಟು, ನಾಲ್ಕೂ ಕಡೆ ಅಡ್ಡಪಟ್ಟಿ ಬಿಗಿದು ಆಮೇಲೆ ಗರಗಸ ಹಿಡಿದೆವು. ಹೊಸ ತುಂಡಿಗೆ ಮೇಷ್ಟ್ರು ಬಿಟ್ಟುಹೋದ ಕಟ್ಟಿನಿಂದಲೇ ಪಟ್ಟಿ ಆರಿಸಿದೆವು. ಒಂದು ಇಂಚಿನಲ್ಲಿ ಕನಿಷ್ಠ ಆರು ವಾರ್ಷಿಕ ಉಂಗುರ ಇರಬೇಕು, ಮರದ ಎಳೆ 15 ಇಂಚು ಉದ್ದಕ್ಕೆ ಒಂದು ಇಂಚಿಗಿಂತ ಹೆಚ್ಚು ಓರೆಯಾಗಬಾರದು. ಆ ಕಟ್ಟಿನ ಯಾವ ಪಟ್ಟಿಯೂ ಈ ಪರೀಕ್ಷೆಯಲ್ಲಿ ಸೋಲಲಿಲ್ಲ.

ಹಳೆಯ ಮರಕ್ಕೆ ಹೊಸದನ್ನು ತುದಿಗೆ ತುದಿ ಇಟ್ಟು ಅಂಟಿಸಿದರೆ ನಿಲ್ಲುವುದಿಲ್ಲ, ಎಳೆಯ ಕೊನೆಗೆ ಅಂಟು ಹಿಡಿಯುವುದಿಲ್ಲ. ಎರಡನ್ನೂ ಉದ್ದಕ್ಕೆ ಓರೆ ಸೀಳಿ ಒಂದರ ಮೇಲೊಂದು ಮಲಗಿಸಬೇಕು. ಅದೇ ಸ್ಕಾರ್ಫ್. ದಪ್ಪದ ಹನ್ನೆರಡು ಪಟ್ಟು ಉದ್ದದ ಓರೆ, ಅಂದರೆ ಒಂದು ಇಂಚಿನ ಪಟ್ಟಿಗೆ 12 ಇಂಚು. ಅಂಟು ಬೀಳುವ ಮೈಯನ್ನು ಉಪ್ಪುಕಾಗದದಿಂದ ಉಜ್ಜಕೂಡದು, ಧೂಳು ಮರದ ರಂಧ್ರ ಮುಚ್ಚುತ್ತದೆ. ಹರಿತವಾದ ತೋಪಡವೇ ಆಗಬೇಕು. ಅದನ್ನು ಹೊಡೆದದ್ದು ನನ್ನ ನೆರೆಯವರು. ಕಾಗದಕ್ಕಿಂತ ತೆಳುವಾದ ಸುರುಳಿ ಏಳುತ್ತಿತ್ತು, ಸ್ಪ್ರೂಸಿನ ಕಂಪು ಹ್ಯಾಂಗರ್ ತುಂಬಿತು. ನಿಂತು ನೋಡುವುದೇ ಒಂದು ಸಂತೋಷ.

ರಿಸಾರ್ಸಿನಾಲ್‌ಗೆ ಬಿಸಿಯೂ ಬೇಕು, ಒತ್ತಡವೂ ಜೋರಾಗಿ ಬೇಕು. ತಣ್ಣಗಿನ ಹ್ಯಾಂಗರಿನಲ್ಲಿ ಅದು ಆಗದ ಮಾತು ಎಂದು ಮೆಕ್ಯಾನಿಕ್ ಎಪಾಕ್ಸಿ ಎಂಬ ಇನ್ನೊಂದು ಅಂಟು ಹೇಳಿದರು. ಎಪಾಕ್ಸಿಗೆ ಹದವಾದ ಒತ್ತು ಸಾಕು. ಕ್ಲಾಂಪ್ ಅತಿಯಾಗಿ ಬಿಗಿದರೆ ಅಂಟೆಲ್ಲ ಹಿಂಡಿ ಹೊರಗೆ ಬಂದು ಜೋಡಣೆ ಒಣಕಲಾಗುತ್ತದೆ. ಬಾಲದ ಸುತ್ತ ಕಂಬಳಿಯ ಡೇರೆ ಕಟ್ಟಿ ಒಳಗೆ ಬಲ್ಬು ಉರಿಸಿ ಬೆಚ್ಚಗಿಟ್ಟೆವು. ಅದೇ ಬಟ್ಟಲಿನ ಅಂಟಿನಿಂದ ಮಾದರಿ ತುಂಡುಗಳನ್ನೂ ಮಾಡಿ ಅದೇ ಡೇರೆಯಲ್ಲಿಟ್ಟೆವು. ವಾರ ಕಳೆದ ಮೇಲೆ ಅಳಿಯ ಅವನ್ನು ವೈಸ್‌ಗೆ ಸಿಕ್ಕಿಸಿ ಸುತ್ತಿಗೆಯಿಂದ ಹೊಡೆದ. ಮುರಿದದ್ದು ಮರ. ಅಂಟಿನ ಗೆರೆಯ ಎರಡೂ ಕಡೆ ಮರದ ನಾರು ಹಿಡಿದುಕೊಂಡೇ ಇತ್ತು. ಮೆಕ್ಯಾನಿಕ್ ತುಂಡನ್ನು ಬೆಳಕಿಗೆ ಹಿಡಿದು ನೋಡಿ ಮುಂದುವರಿಯಿರಿ ಎಂದರು.

ಮೂಲೆಗೆ ಹೊಸ ಪ್ಲೈವುಡ್ಡು ಕೂರಿಸುವ ಮುನ್ನ ಪ್ರತಿ ತುಂಡನ್ನೂ ತೂಗಿದೆವು. ಪೀಟನ್‌ಪೋಲ್‌ಗಳಿಗೆ ಹಿಂದೆ ಭಾರ ಹೆಚ್ಚಾಗುವ ಗುಣವಿದೆ. ಹಗುರ ಎಂಜಿನ್ ಹಾಕಿದವರು ತೂಕ ಸರಿದೂಗಿಸಲು ರೆಕ್ಕೆಯನ್ನೇ ಕೆಲವು ಇಂಚು ಹಿಂದಕ್ಕೆ ವಾಲಿಸಿ ಕಟ್ಟುವುದುಂಟು. ಬಾಲ ಅಷ್ಟು ದೂರದಲ್ಲಿರುವುದರಿಂದ ಅಲ್ಲಿ ಸೇರಿದ ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುತ್ತದೆ. ಗಟ್ಟಿಯಾಗಲಿ ಎಂದು ಎರಡು ಪದರ ಹೊಡೆಯುವ ಆಸೆ ಯಾರಿಗಾದರೂ ಬರುತ್ತದೆ, ನಕ್ಷೆಯಲ್ಲಿದ್ದಷ್ಟೇ ಹಾಕಿದೆವು. ಮರಕ್ಕೆ ವಾರ್ನಿಷು ಬಳಿದೆವು, ತುಕ್ಕು ಕಂಡ ಕೇಬಲ್ಲು ಬದಲಿಸಿದೆವು, ಬಟ್ಟೆಯ ತೇಪೆ ಅಂಟಿಸಿ ಇಸ್ತ್ರಿಪೆಟ್ಟಿಗೆಯ ಶಾಖಕ್ಕೆ ಬಿಗಿಯಾಗಿಸಿದೆವು. ನೀರು ಸೋರುವ ತೂತುಗಳಿಗೆ ಈ ಸಲ ಗೂಡಿನಾಕಾರದ ಮುಚ್ಚಳವಿರುವ ಬಿಲ್ಲೆ ಹಾಕಿದ್ದೇವೆ. ಹಾರುವಾಗ ಗಾಳಿ ಅದರ ಮೂಲಕ ಒಳಗಿನ ತೇವವನ್ನು ಹೀರಿ ತೆಗೆಯುತ್ತದೆ. ನಿಲ್ಲಿಸಿದಾಗ ಮೂರೂ ಚಕ್ರಗಳ ಸುತ್ತ ನುಣುಪಾದ ತಗಡಿನ ಬಳೆ ಇಡುತ್ತೇವೆ, ಇಲಿ ಹತ್ತದ ಹಾಗೆ.

ಸಹಿ ಬಿತ್ತು. ಜುಲೈಯಲ್ಲಿ ಬ್ರಾಡ್‌ಹೆಡ್‌ನ ಹುಲ್ಲು ಮೈದಾನಕ್ಕೆ ಪೀಟನ್‌ಪೋಲ್‌ಗಳೆಲ್ಲ ಬಂದು ಸೇರುತ್ತವೆ, ಅದಾದ ಮೇಲೆ ಆಶ್‌ಕಾಶ್‌ನ ದೊಡ್ಡ ವಿಮಾನ ಜಾತ್ರೆ. ಅದಕ್ಕೆ ಮೊದಲು ಇನ್ನೊಂದು ಕೆಲಸ ಬಾಕಿ. ಚಳಿಗಾಲದ ಒಣ ಹವೆಗೆ ಮರದ ಪ್ರೊಪೆಲರ್ ಕುಗ್ಗಿರುತ್ತದೆ, ಜೂನಿನ ತೇವಕ್ಕೆ ಮತ್ತೆ ಉಬ್ಬುತ್ತದೆ. ಅದರ ಬೋಲ್ಟುಗಳ ಬಿಗಿತವನ್ನು ಟಾರ್ಕ್ ವ್ರೆಂಚ್ ಹಿಡಿದು ಹೊಸದಾಗಿ ಹೊಂದಿಸಬೇಕು. ಅದನ್ನು ತಾನೇ ಮಾಡುತ್ತೇನೆಂದು ಅಳಿಯ ಹೇಳಿದ್ದಾನೆ. ನಾನು ಪಕ್ಕದಲ್ಲಿ ಮೇಷ್ಟ್ರ ನೋಟ್‌ಬುಕ್ಕು ಹಿಡಿದು ಅಂಕಿ ಓದಿ ಹೇಳಬೇಕಂತೆ.