ರಟ್ಟಿನ ಸರ

ದುರ್ಗದ ಕಾಲೇಜಿಗೆ ಸೇರಿದ ಹೊಸದರಲ್ಲಿ ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು, ಗರ್ಭಗುಡಿಗೆ ಹೋದಂತೆ. ಇದ್ದದ್ದು ಆರು ಯಂತ್ರ, ಒಂದೊಂದಕ್ಕೆ ನಾಲ್ವರು. ಮುಂದಿನವನ ಹೆಗಲ ಮೇಲಿಂದ ಇಣುಕುವುದಷ್ಟೇ ನನ್ನ ಪಾಲಿಗೆ. ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗನಿಗೆ ಇದೆಲ್ಲ ದಕ್ಕುವುದಲ್ಲ ಅಂದುಕೊಂಡಿದ್ದೆ.

ಕಂಪ್ಯೂಟರ್ ಚರಿತ್ರೆಯ ಪಾಠವನ್ನು ಎಲ್ಲರೂ ಅಬ್ಯಾಕಸ್, ಬ್ಯಾಬೇಜ್, ಎನಿಯಾಕ್ ಎಂದು ಉರು ಹೊಡೆದು ಮುಗಿಸುತ್ತಿದ್ದರು. ನಮ್ಮ ಮೇಷ್ಟ್ರು ಮಾತ್ರ ಬೋರ್ಡಿನ ಮೇಲೆ ಉದ್ದನೆಯ ಚೌಕ ಎಳೆದು, ಒಳಗೆ ಚುಕ್ಕೆ ಇಟ್ಟು, ‘ಇದೇನು?’ ಅಂದರು. ‘ಜಕಾರ್ಡ್ ರಟ್ಟು ಸಾರ್, ನಮ್ಮ ಮಗ್ಗದ ಮೇಲೈತೆ’ ಅಂದೆ. ಕ್ಲಾಸೆಲ್ಲ ನಕ್ಕಿತು. ಅವರು ನಗಲಿಲ್ಲ. ‘ಊರಿಗೆ ಹೋದಾಗ ತಗಂಬಾ’ ಅಂದರು.

ಅಪ್ಪ ಗೊಣಗುತ್ತಲೇ ತೂತಿನ ರಟ್ಟುಗಳನ್ನು ಸಾಲಾಗಿ ಹೊಲಿದ ಒಂದು ಸವೆದ ಸರ ಕೊಟ್ಟ. ಚಳ್ಳಕೆರೆ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಮೇಷ್ಟ್ರು ಅದನ್ನು ಮೇಜಿನ ಮೇಲೆ ಹರವಿ ನನ್ನಿಂದಲೇ ಹೇಳಿಸಿದರು: ತೂತಿದ್ದಲ್ಲಿ ಸೂಜಿ ಒಳಹೊಗುತ್ತೆ, ಕೊಕ್ಕೆ ಹಾಸಿನ, ಅಂದರೆ ಉದ್ದುದ್ದದ, ಎಳೆ ಎತ್ತುತ್ತೆ, ತೂತಿಲ್ಲದ ಕಡೆ ಎಳೆ ಕೆಳಗೇ. ಒಂದು ರಟ್ಟಿಗೆ ಲಾಳಿಯ ಒಂದು ಓಟ.

ಆಮೇಲೆ ಮಾತು ಅವರದು. ಫ್ರಾನ್ಸಿನ ಲಿಯಾನ್ ಊರಿನ ಜಕಾರ್ಡ್ 1804ರಲ್ಲಿ ಮಾಡಿದ ಈ ಉಪಾಯವನ್ನೇ 1830ರ ದಶಕದಲ್ಲಿ ಚಾರ್ಲ್ಸ್ ಬ್ಯಾಬೇಜ್ ತನ್ನ ಅನಲಿಟಿಕಲ್ ಎಂಜಿನ್ ಎಂಬ ಲೆಕ್ಕದ ಯಂತ್ರಕ್ಕೆ ಎತ್ತಿಕೊಂಡ. ಎಂಜಿನ್ನು ಕೊನೆಗೂ ಪೂರ್ತಿಯಾಗಲಿಲ್ಲ. ಆದರೆ 1843ರಲ್ಲಿ ಏಡಾ ಲವ್‌ಲೇಸ್, ಜಕಾರ್ಡ್ ಮಗ್ಗ ಹೂವು ಎಲೆ ನೇಯುವಂತೆ ಈ ಯಂತ್ರ ಬೀಜಗಣಿತ ನೇಯುತ್ತದೆ ಎಂದು ಬರೆದಳು. ಬರ್ನೌಲಿ ಸಂಖ್ಯೆಗಳೆಂಬ ಗಣಿತದ ಸರಣಿಯನ್ನು ಅದು ಲೆಕ್ಕ ಹಾಕಬೇಕಾದ ಹಂತಗಳನ್ನೂ ಬರೆದಿಟ್ಟಳು. ಇವತ್ತಿಗೂ ಅದನ್ನೇ ಮೊದಲ ಪ್ರೋಗ್ರಾಂ ಎನ್ನುವವರಿದ್ದಾರೆ.

ಹನ್ನೆರಡನೇ ವಯಸ್ಸಿನಲ್ಲಿ ನಾನು ಒಂದು ರಟ್ಟನ್ನು ತಿರುಗುಮುರುಗಾಗಿ ಹೊಲಿದಿದ್ದೆ. ಅಂಚಿನ ಹಂಸದ ಕತ್ತಿನಲ್ಲಿ ಸಣ್ಣ ಬಿರುಕು. ಸರ ಸುತ್ತಿ ಬಂದಾಗಲೆಲ್ಲ ಅದೇ ಬಿರುಕು, ಪ್ರತಿ ಹಂಸಕ್ಕೂ. ಮೂರು ಮೊಳ ಆದ ಮೇಲೆ ಅಪ್ಪನ ಕಣ್ಣಿಗೆ ಬಿತ್ತು. ಬಯ್ಯಲಿಲ್ಲ, ರಾತ್ರಿಯಿಡೀ ಕೂತು ಬಿಚ್ಚಿದ. ಮುಂದೆ ಸಿ ಎಂಬ ಪ್ರೋಗ್ರಾಂ ಭಾಷೆಯಲ್ಲಿ, ಒಂದೇ ಹಂತ ಮತ್ತೆ ಮತ್ತೆ ಸುತ್ತುವ ಲೂಪಿನೊಳಗೆ ತಪ್ಪು ಮಾಡಿದಾಗಲೆಲ್ಲ ಆ ಹಂಸಗಳ ಸಾಲು ಕಣ್ಣಿಗೆ ಕಟ್ಟುತ್ತಿತ್ತು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಎಂಬ ಹಳೆಯ ಕಂಪ್ಯೂಟರಿನ ರಿಲೇ ಎಂಬ ಸ್ವಿಚ್ಚಿನಲ್ಲಿ ಪತಂಗ ಸಿಕ್ಕಿ, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ ಕಥೆಯನ್ನು ಹುಡುಗರೆಲ್ಲ ಬಾಯಿಬಿಟ್ಟು ಕೇಳಿದರು. ಯಂತ್ರದ ದೋಷಕ್ಕೆ ‘ಬಗ್’, ಅಂದರೆ ಹುಳ, ಎಂಬ ಮಾತು ಅದಕ್ಕಿಂತ ಹಳೆಯದು, ಎಡಿಸನ್ ಕಾಲದಲ್ಲೇ ಇತ್ತು. ನನಗಂತೂ ನಮ್ಮ ಮನೆಯ ‘ಬಗ್’ ಆ ಹುಳಕ್ಕಿಂತ ದೊಡ್ಡದು.

ಬ್ಯಾಬೇಜ್ ಹತ್ತಿರ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವಿತ್ತಂತೆ. ಅದೊಂದಕ್ಕೇ ಸುಮಾರು 24,000 ರಟ್ಟು. ಮೇಷ್ಟ್ರು ಹೇಳಿದ ಈ ಲೆಕ್ಕವನ್ನು ಊರಿಗೆ ಹೋದಾಗ ಅಪ್ಪನಿಗೆ ಒಪ್ಪಿಸಿದೆ. ಅಪ್ಪ ಲಾಳಿ ನಿಲ್ಲಿಸಿದ.

‘ಅಷ್ಟೂ ಹೊಲ್ದೋರು ಯಾರಂತೆ?’