ಹಗಲಲ್ಲಿ ಪಾಸಾದ ಲೆನ್ಸ್ ದೀಪದ ಮುಂದೆ ತಪ್ಪಿದ್ದು

ಮಡಿಕೇರಿಯಲ್ಲಿ ಮದುವೆ ಫೋಟೋ ತೆಗೆಯಲು ಶುರು ಮಾಡಿ ಹನ್ನೊಂದು ವರ್ಷವಾಯಿತು. ಮೊದಲ ಐದಾರು ವರ್ಷ 24-70 ಎಫ್/2.8 ಜೂಮ್ ಲೆನ್ಸ್ ಒಂದರಲ್ಲೇ ಎಲ್ಲ ನಡೆಯುತ್ತಿತ್ತು. ಎಫ್ ಸಂಖ್ಯೆ ಕಿರಿದಾದಷ್ಟೂ ಲೆನ್ಸಿನ ಬಾಯಿ, ಅಂದರೆ ಅಪರ್ಚರ್, ಅಗಲ; ಬೆಳಕು ಹೆಚ್ಚು. ಹಾಲ್‌ಗಳಲ್ಲಿ ಎಲ್‌ಇಡಿ ಬೆಳಕು ಧಾರಾಳ, ಅಲ್ಲಿ ಅದು ಸಾಕು. ಐನ್‌ಮನೆಯೊಳಗೆ, ಅಂದರೆ ಕೊಡವರ ಹಳೇ ಕುಟುಂಬದ ಮನೆಯಲ್ಲಿ, ಮದುವೆ ಇಟ್ಟುಕೊಂಡರೆ ಮಾತ್ರ ಸಾಲದು. ದಪ್ಪ ಗೋಡೆ, ಹೊಗೆ ಹಿಡಿದು ಕಪ್ಪಾದ ಮರದ ಕಂಬಗಳು, ನಡುಮನೆಯಲ್ಲಿ ತೂಗುದೀಪ. ಫ್ಲ್ಯಾಶ್ ಹೊಡೆದರೆ ಆ ದೀಪದ ಬಣ್ಣವೇ ಸತ್ತುಹೋಗುತ್ತದೆ. ಅದಕ್ಕೇ 50 ಎಂಎಂ ಎಫ್/1.4 ಪ್ರೈಮ್, ಅಂದರೆ ಜೂಮ್ ಇಲ್ಲದ ಲೆನ್ಸ್, ನೋಡಿದೆ. 2.8ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು ಬೆಳಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400 ಇಡುತ್ತಿದ್ದ ಕಡೆ 1600 ಸಾಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ಲೆನ್ಸ್. ತರುವ ಮೊದಲು ನನಗೆ ಗೊತ್ತಿದ್ದಷ್ಟು ಪರೀಕ್ಷೆ ಮಾಡಿದೆ. ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿನೊಳಗೆ ಫಂಗಸ್ ಇದೆಯಾ ಅಂತ ನೋಡಿದೆ. ಗೋಡೆಗೆ ಪೇಪರ್ ಅಂಟಿಸಿ, ನಾಲ್ಕೂ ಮೂಲೆಯ ಅಕ್ಷರ ಒಂದೇ ಸಮ ಬರುತ್ತದೆಯಾ ಅಂತ ಪರೀಕ್ಷಿಸಿದೆ. ಮೇಜಿನ ಮೇಲೆ ಸ್ಕೇಲ್ ಓರೆಯಾಗಿ ಇಟ್ಟು ಆಟೋಫೋಕಸ್ ನೋಡಿದೆ. ಎಲ್ಲ ಸರಿ ಇತ್ತು. ಇದೆಲ್ಲ ನಡೆದದ್ದು ಬೆಳಗ್ಗೆ ಹನ್ನೊಂದು ಗಂಟೆಗೆ, ಬಿಸಿಲು ಬೀಳುವ ಜಗಲಿಯಲ್ಲಿ.

ಒಂದು ವಾರ ಬಿಟ್ಟು ನಾಪೋಕ್ಲು ಕಡೆ ಒಂದು ಮದುವೆ. ಮಳೆ ಬಂದು ಕರೆಂಟ್ ಹೋಗಿತ್ತು. ಮದುಮಗಳು ಮುಕ್ಕಾಲಿಯ ಮೇಲೆ ಕೂತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ (ಮೂತಿಯಿರುವ ಸಣ್ಣ ಪಾತ್ರೆ) ಹಾಲು ಕುಡಿಸಿ, ಕೈಗೆ ದುಡ್ಡು ಕೊಟ್ಟು ಹರಸುತ್ತಿದ್ದರು. ಅಜ್ಜಿಯ ಸರದಿ ಬಂದಾಗ ಅವರ ಕೈ ನಡುಗುತ್ತಿತ್ತು; ಮೊಮ್ಮಗಳೇ ಕಿಂಡಿಗೆ ಕೈ ಆನಿಸಿದಳು. ಐದಡಿ ದೂರದಲ್ಲಿ ಮಂಡಿಯೂರಿ, 1.4ರಲ್ಲೇ ಹತ್ತು ಹದಿನೈದು ಫ್ರೇಮ್ ತೆಗೆದೆ. ಕ್ಯಾಮೆರಾದ ಸಣ್ಣ ಸ್ಕ್ರೀನಿನಲ್ಲಿ ಚಿನ್ನದಂತಿತ್ತು.

ಆಲ್ಬಂ ಶೀಟ್ ಮಾಡಲು ಕಂಪ್ಯೂಟರಿನಲ್ಲಿ ಹಿಗ್ಗಿಸಿದಾಗ ಎದೆ ಧಸಕ್ಕೆಂದಿತು. ಅಜ್ಜಿಯ ಕಿವಿಯೋಲೆಯ ಕಲ್ಲು ಎಣಿಸಬಹುದು, ಕಣ್ಣು ಮಾತ್ರ ಮಂಜು. ಒಂದಲ್ಲ, ಎಲ್ಲ ಫ್ರೇಮೂ ಹಾಗೇ. ಮದುಮಗಳ ತಾಯಿ ನೋಡಿ, "ಅವ್ವನ ಮುಖ ಯಾಕಪ್ಪ ಹೀಗೆ ಬಂದಿದೆ?" ಅಂತ ಮೆಲ್ಲಗೆ ಕೇಳಿದರು. ನನ್ನ ತಪ್ಪು ಅಂತ ಒಪ್ಪಿಕೊಂಡೆ. ಇನ್ನೊಮ್ಮೆ ತೆಗೆದುಕೊಡುವ ಚಿತ್ರವಲ್ಲವಲ್ಲ ಅದು.

ಸರ್ವೀಸಿನವರು ಲೆನ್ಸ್ ಸರಿಯಾಗಿದೆ ಅಂದರು. ಅವರು ಹೇಳಿದ್ದೂ ಸುಳ್ಳಲ್ಲ. ನನ್ನದು ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಬೀಳುವ ಸೆನ್ಸರ್ ಬೇರೆ. ಗಾಜು ಎಲ್ಲ ಬಣ್ಣದ ಬೆಳಕನ್ನೂ ಒಂದೇ ಜಾಗಕ್ಕೆ ತಂದು ಕೂರಿಸುವುದಿಲ್ಲ. ಬಿಸಿಲಿನಲ್ಲಿ ಎಲ್ಲ ಬಣ್ಣವೂ ಇರುತ್ತದೆ. ಎಣ್ಣೆದೀಪ, ಹಳೇ ಬಲ್ಬುಗಳ ಬೆಳಕಿನಲ್ಲಿ ಕೆಂಪೇ ಹೆಚ್ಚು. ಆಗ ಫೋಕಸಿನ ಲೆಕ್ಕ ಚೂರು ಸರಿಯುತ್ತದೆ. ನನ್ನ ಕ್ಯಾಮೆರಾದಲ್ಲಿ ಹಿಂದಕ್ಕೆ ಸರಿದಿತ್ತು. 2.8ರಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ. ಫುಲ್ ಫ್ರೇಮಿನಲ್ಲಿ (ಹಳೇ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಐದಡಿ ದೂರಕ್ಕೆ 1.4 ಕೊಡುವ ಸ್ಪಷ್ಟತೆಯ ಆಳ ಏಳೆಂಟು ಸೆಂಟಿಮೀಟರ್ ಅಷ್ಟೆ.

ಈಗ ಯಾವ ಲೆನ್ಸ್ ಬಂದರೂ ರಾತ್ರಿ ಮನೆಯಲ್ಲಿ ಲೈಟ್ ಆರಿಸಿ, ಎರಡು ದೀಪ ಹಚ್ಚಿ, ಮೊರದ ತುಂಬ ಅಕ್ಕಿ ಹರಡುತ್ತೇನೆ. ನಡುವೆ ಒಂದು ಕರಿಮೆಣಸು. ಓರೆಯಿಂದ ಮೆಣಸಿಗೆ ಫೋಕಸ್ ಇಟ್ಟು ತೆಗೆದರೆ ಯಾವ ಸಾಲಿನ ಅಕ್ಕಿ ಸ್ಪಷ್ಟ ಬಂತು ಅನ್ನುವುದು ಕಣ್ಣಿಗೇ ಕಾಣುತ್ತದೆ. 1.4, 2, 2.8 ಮೂರರಲ್ಲೂ ತೆಗೆಯಬೇಕು; ಕೆಲವು ಲೆನ್ಸುಗಳಲ್ಲಿ ಅಪರ್ಚರ್ ಕಿರಿದು ಮಾಡಿದಾಗಲೂ ಫೋಕಸ್ ಜರುಗುತ್ತದೆ. ಆಮೇಲೆ ದೀಪವನ್ನು ಚೌಕಟ್ಟಿನ ಮೂಲೆಗೆ ತಂದು ನೋಡುತ್ತೇನೆ. ನನ್ನ ಲೆನ್ಸಿನಲ್ಲಿ 1.4ಕ್ಕೆ ಮೂಲೆಯ ಕುಡಿ ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕಾಣುತ್ತದೆ, 2.8ಕ್ಕೆ ಮತ್ತೆ ಕುಡಿಯಾಗುತ್ತದೆ. ಹೊಳೆಯುವ ಬೆಳ್ಳಿಯನ್ನೂ ಬಿಸಿಲಿಗೆ ಹಿಡಿದು ತೆಗೆಯಿರಿ. ಮದುಮಗ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಬೆಳ್ಳಿ ಅಂಚಿಗೆ ಬರುವ ನೇರಳೆ ಗೆರೆಯನ್ನು ಫೋಟೋಶಾಪಿನಲ್ಲಿ ಅಳಿಸಿ ನನಗೆ ಸಾಕಾಗಿದೆ.

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಫೋಕಸ್ ತಿದ್ದುವ ಸೆಟ್ಟಿಂಗ್ ಇದೆ, ನಿಜ. ಆದರೆ ದೀಪಕ್ಕೆ ಸರಿ ಮಾಡಿದರೆ ಹಗಲಲ್ಲಿ ತಪ್ಪುತ್ತದೆ. ಹಾಗಾಗಿ ದೀಪದ ಮುಂದೆ ನಾನು ಲೈವ್ ವ್ಯೂ ಹಾಕಿ (ಹಿಂದಿನ ಸ್ಕ್ರೀನಿನಲ್ಲೇ ನೋಡುತ್ತಾ), ಎಫ್/2 ಇಟ್ಟು ತೆಗೆಯುತ್ತೇನೆ. ಲೈವ್ ವ್ಯೂನಲ್ಲಿ ಚಿತ್ರದ ಸೆನ್ಸರೇ ಫೋಕಸ್ ಹಿಡಿಯುವುದರಿಂದ ಈ ಕಾಟ ಇಲ್ಲ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಇರುವವರಿಗೂ ಈ ತಲೆನೋವು ಬಹಳ ಕಡಿಮೆ.

ಹೊಸ ಹುಡುಗರು 1.4 ತಗೊಳ್ಳಲಾ, 1.8 ಸಾಕಾ ಅಂತ ಕೇಳುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ಒಂದು ಸ್ಟಾಪಿನ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು) ಮೂರನೇ ಎರಡು ಭಾಗ ಮಾತ್ರ; ಬೆಲೆಯ ವ್ಯತ್ಯಾಸ ಹಲವು ಪಟ್ಟು. ನೀವೂ ನನ್ನ ಹಾಗೆ 2ಕ್ಕೇ ಬಂದು ನಿಲ್ಲುವುದಾದರೆ 1.8 ತಗೊಳ್ಳಿ. ಉಳಿದ ದುಡ್ಡಿಗೆ ಒಂದು ಡ್ರೈ ಕ್ಯಾಬಿನೆಟ್ ತನ್ನಿ, ತೇವಾಂಶ ಶೇ. 40ರಿಂದ 50ರೊಳಗೆ ಇಡಿ. ನಮ್ಮೂರಿನ ಮಳೆಗಾಲದಲ್ಲಿ ಬ್ಯಾಗಿನೊಳಗೆ ಮುಚ್ಚಿಟ್ಟ ಗಾಜಿಗೆ ಬೂಷ್ಟು ಹಿಡಿಯಲು ಬಹಳ ದಿನ ಬೇಕಿಲ್ಲ.